ಡ್ರೈ ಫ್ಲೈ ಮುಳುಗುತ್ತಾ, ವಾಲುತ್ತಾ, ಬಿಚ್ಚಿಕೊಳ್ಳುತ್ತಾ? ಹೊಳೆಗೆ ಹೋಗುವ ಮೊದಲು ಮನೆಯಲ್ಲೇ ದೋಷ ಹುಡುಕಿ

ಟ್ರೌಟ್ ಮೀನು ನಮ್ಮ ಕಡೆ ಇಲ್ಲ. ತುಂಗಭದ್ರಾ, ವರದಾ, ಮಲಪ್ರಭಾ ಎಲ್ಲ ಬೆಚ್ಚಗಿನ ನೀರಿನ ಹೊಳೆಗಳು. ಟ್ರೌಟ್‌ಗೆ 20 ಡಿಗ್ರಿಗಿಂತ ತಣ್ಣಗಿರುವ ನೀರು ಬೇಕು. ಹುಬ್ಬಳ್ಳಿ, ಧಾರವಾಡ, ಗದಗದಲ್ಲಿ ಕೂತು ಡ್ರೈ ಫ್ಲೈ ಕಟ್ಟುವ ನಮ್ಮಂಥವರು ಅದನ್ನು ನೀರಿಗೆ ಹಾಕುವುದು ಹಿಮಾಚಲದ ಬಿಯಾಸ್, ತೀರ್ಥನ್‌ನಲ್ಲಿ, ಇಲ್ಲ ಕಾಶ್ಮೀರದ ಲಿಡ್ಡರ್‌ನಲ್ಲಿ. ರಸ್ತೆ ಲೆಕ್ಕ ಹಿಡಿದರೆ ಎರಡು ಸಾವಿರ ಕಿಲೋಮೀಟರ್‌ಗೂ ಜಾಸ್ತಿ ದೂರ. ಅಷ್ಟು ದೂರ ಹೋಗಿ, ಲೈಸೆನ್ಸ್ ಮಾಡಿಸಿ, ದಂಡೆಯ ಮೇಲೆ ನಿಂತು ಡಬ್ಬಿ ತೆಗೆದ ಮೇಲೆ ಫ್ಲೈ ಮುಳುಗುತ್ತೆ ಅಂತ ಗೊತ್ತಾದರೆ ಅಲ್ಲಿ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ. ದೋಷ ಇಲ್ಲೇ ಸಿಗಬೇಕು, ಮೇಜಿನ ಮೇಲೆ, ಒಂದು ಬೋಗುಣಿ ನೀರಿನಲ್ಲಿ.

ಹೊಸಬರಿಗೆ ಎರಡು ಮಾತು. ಡ್ರೈ ಫ್ಲೈ ಅಂದರೆ ನೀರಿನ ಮೇಲೆ ಕೂತ ಹುಳುವಿನಂತೆ ಕಾಣಲಿ ಅಂತ ಗಾಳಕ್ಕೆ ದಾರ, ಗರಿ, ಕೂದಲು, ಫೋಮ್ ಸುತ್ತಿ ಕಟ್ಟಿದ್ದು. ಗಾಳವನ್ನು ಹಿಡಿಯುವ ಇಕ್ಕಳ ವೈಸ್. ದಾರದ ಉಂಡೆ ಹಿಡಿಯುವ ಸಾಧನ ಬಾಬಿನ್. ಗಾಳದ ಸುತ್ತ ಕುಚ್ಚಿನಂತೆ ಎದ್ದು ನಿಲ್ಲುವ ಹುಂಜದ ಗರಿ ಹ್ಯಾಕಲ್. ಲೈನಿನ ತುದಿಯಲ್ಲಿ ಫ್ಲೈಗೆ ಗಂಟು ಹಾಕುವ ಸಣ್ಣ ನೈಲಾನ್ ಎಳೆ ಟಿಪ್ಪೆಟ್. ಗಾಳದ ನಂಬರ್ ದೊಡ್ಡದಾದಷ್ಟೂ ಗಾಳ ಸಣ್ಣದು. ದೊಡ್ಡ ಹೊಳೆಯ ಒರಟು ನೀರಿಗೆ ಸಾಮಾನ್ಯವಾಗಿ 10ರಿಂದ 14 ನಂಬರ್ ನಡೆಯುತ್ತೆ, ನೀರು ಇಳಿದು ಸ್ವಚ್ಛವಾದಾಗ 16.

ಕೆಳಗಿನದನ್ನು ಓದುವಾಗ ಒಂದು ಮಾತು ಮನಸ್ಸಿನಲ್ಲಿರಲಿ. ದೊಡ್ಡ ಹೊಳೆಗೆ ಕಟ್ಟುವಾಗ ನಾವೆಲ್ಲ ಗರಿ, ದಾರ, ಉಣ್ಣೆ ಎಲ್ಲವನ್ನೂ ಜಾಸ್ತಿ ಹಾಕುತ್ತೇವೆ. ತೇಲಲಿ ಅಂತ ಹಾಕಿದ್ದೇ ನೀರು ಕುಡಿದು ಮುಳುಗಿಸುತ್ತೆ. ಇಲ್ಲಿನ ಅರ್ಧ ದೋಷಗಳ ಬೇರು ಅಲ್ಲೇ ಇದೆ.

ಹಾಕಿದ ಕೂಡಲೇ ಮುಳುಗುತ್ತೆ, ಇಲ್ಲ ನಾಲ್ಕು ಸಲ ಎಸೆದ ಮೇಲೆ ಮುಳುಗುತ್ತೆ

ಎಲ್ಲರಿಗೂ ಮೊದಲು ಕಾಣುವ ದೋಷ ಇದೇ. ಯಾವಾಗ ಮುಳುಗುತ್ತೆ ಅನ್ನುವುದನ್ನು ಗಮನಿಸಿ, ಕಾರಣ ಅದರಲ್ಲೇ ಇದೆ.

ಮೊದಲ ಸಲವೇ ಮುಳುಗಿದರೆ ಖರ್ಚಿಲ್ಲದ ತಪಾಸಣೆ ಒಂದಿದೆ. ಫ್ಲೋಟೆಂಟ್, ಅಂದರೆ ಫ್ಲೈ ತೇಲಲಿ ಅಂತ ಹಚ್ಚುವ ಜೆಲ್ ಇಲ್ಲ ಪುಡಿ, ಯಾವಾಗ ಹಚ್ಚಿದಿರಿ? ಜೆಲ್ ಫ್ಲೋಟೆಂಟನ್ನು ಫ್ಲೈ ಒಣಗಿದ್ದಾಗಲೇ ಹಚ್ಚಬೇಕು. ಒದ್ದೆ ಫ್ಲೈಗೆ ಹಚ್ಚಿದರೆ ಒಳಗಿನ ನೀರು ಹೊರಗೆ ಬರದೆ ಅಲ್ಲೇ ಸಿಕ್ಕಿಕೊಳ್ಳುತ್ತೆ, ಆಮೇಲೆ ಎಷ್ಟು ಹಚ್ಚಿದರೂ ಸುಮ್ನೆ ವೇಸ್ಟ್. ಅಕ್ಕಿಕಾಳಿನಷ್ಟು ಜೆಲ್ ತೆಗೆದುಕೊಂಡು ಬೆರಳಲ್ಲಿ ತಿಕ್ಕಿ ನೀರಾಗಿಸಿ, ಆಮೇಲೆ ಗರಿಗೆ ಸವರಿ. ಗರಿಯ ಎಳೆಗಳು ಒಂದಕ್ಕೊಂದು ಅಂಟಿ ಕಡ್ಡಿ ಕಡ್ಡಿಯಾಗಿ ಕಂಡರೆ ಜಾಸ್ತಿ ಆಯ್ತು ಅಂತ ಅರ್ಥ. ಬಾತುಕೋಳಿಯ ಬಾಲದ ಬುಡದ ಮೆತ್ತನೆ ಗರಿಯಿಂದ, ಅಂದರೆ ಸಿಡಿಸಿಯಿಂದ ಕಟ್ಟಿದ ಫ್ಲೈಗೆ ಜೆಲ್ ಹಚ್ಚಲೇಬೇಡಿ. ಆ ಗರಿ ಗಾಳಿ ಹಿಡಿದುಕೊಂಡು ತೇಲುವುದು, ಜೆಲ್ ಅದನ್ನು ಚಪ್ಪಟೆ ಮಾಡಿಬಿಡುತ್ತೆ. ಅದಕ್ಕೆ ಪುಡಿ ಫ್ಲೋಟೆಂಟ್ ಮಾತ್ರ.

ಜೆಲ್ ಸಿಗಲಿಲ್ಲ ಅಂತ ಕೊಬ್ಬರಿ ಎಣ್ಣೆ ಹಚ್ಚುವವರಿದ್ದಾರೆ. ಇಲ್ಲಿ ಏಪ್ರಿಲ್ ಬಿಸಿಲಲ್ಲಿ, ಬೋಗುಣಿಯ ನೀರಲ್ಲಿ ಅದು ಚೆನ್ನಾಗಿಯೇ ಕಾಣುತ್ತೆ. ಆದರೆ ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೇ ಗಟ್ಟಿಯಾಗುತ್ತೆ. ಹಿಮ ಕರಗಿ ಬಂದ ನೀರಿಗೆ ತಾಗಿದ ಕ್ಷಣ ಗರಿಯೆಲ್ಲ ಬೆಳ್ಳಗೆ ಗಂಟಾಗುತ್ತೆ. ಏನೂ ಇಲ್ಲದಿದ್ದರೆ ವ್ಯಾಸಲಿನ್ ಮೇಲು, ಅದೂ ಬೆರಳಿಗೆ ಜಿಡ್ಡು ತಾಗಿದಷ್ಟೇ ಸಾಕು.

ಮೊದಲು ತೇಲಿ, ಒಂದು ಮೀನು ಸಿಕ್ಕ ಮೇಲೆ ಮುಳುಗತೊಡಗಿದರೆ ಫ್ಲೈ ಸರಿಯಾಗಿಯೇ ಇದೆ, ಅದಕ್ಕೆ ಮೀನಿನ ಲೋಳೆ ಅಂಟಿದೆ. ಹೊಳೆ ನೀರಲ್ಲೇ ಅಲ್ಲಾಡಿಸಿ ತೊಳೆಯಿರಿ, ಹತ್ತಿ ಬಟ್ಟೆಯಲ್ಲಿ ಒತ್ತಿ ನೀರು ತೆಗೆಯಿರಿ, ಆಮೇಲೆ ಸಿಲಿಕಾ ಜೆಲ್ ಇರುವ ಪುಟ್ಟ ಡಬ್ಬಿಗೆ ಹಾಕಿ ಕುಲುಕಿ. ಬೂಟಿನ ಡಬ್ಬಿಯಲ್ಲಿ ಬರುವ ಬಿಳಿ ಮಣಿಗಳೂ ನಡೆಯುತ್ತವೆ. ಆದರೆ ಅದನ್ನು ಕುಟ್ಟಿ ಪುಡಿ ಮಾಡಬೇಡಿ, ಆ ಧೂಳು ಎದೆಯೊಳಗೆ ಹೋಗುವುದು ಒಳ್ಳೆಯದಲ್ಲ. ನೀಲಿ ಬಣ್ಣದ ಮಣಿ ಬೇಡವೇ ಬೇಡ, ಅದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತೆ.

ಇಷ್ಟಾದರೂ ಮುಳುಗುತ್ತೆ ಅಂದರೆ ಈಗ ಕಟ್ಟಿದ ಸಾಮಾನಿನ ಕಡೆ ತಿರುಗಿ. ಒಂದು ಫ್ಲೈಯನ್ನು ಏನೂ ಹಚ್ಚದೆ ಬೋಗುಣಿಯ ನೀರಿನ ಮೇಲೆ ಇಟ್ಟು ಬದಿಯಿಂದ ಕಣ್ಣು ಸಮ ಮಾಡಿ ನೋಡಿ. ಬಾಲದ ಕಡೆ ಮೊದಲು ಇಳಿದರೆ ಬಾಲದ ಎಳೆ ಮೆತ್ತಗಿದೆ ಇಲ್ಲ ಕಡಿಮೆಯಾಗಿದೆ. ಮೂತಿ ಕಡೆ ಇಳಿದರೆ ಹ್ಯಾಕಲ್ ಕೆಲಸ ಮಾಡುತ್ತಿಲ್ಲ. ಇಡೀ ಫ್ಲೈ ನಿಧಾನವಾಗಿ ಒಂದೇ ಸಮ ಇಳಿದರೆ ಹೊಟ್ಟೆಯ ಭಾಗ ನೀರು ಕುಡಿಯುತ್ತಿದೆ. ಕಲ್ಲಿನಂತೆ ಹೋದರೆ ಗಾಳವೇ ದಪ್ಪ. ಡ್ರೈ ಫ್ಲೈಗೆ ಸಣ್ಣ ತಂತಿಯ ಗಾಳವೇ ಬೇಕು. ಇಲ್ಲಿ ಕೆರೆ ಮೀನಿಗೆ ಮಾರುವ ಸಾದಾ ಗಾಳದ ತಂತಿ ದಪ್ಪ, ಅದರ ಮೇಲೆ ಎಷ್ಟು ಗರಿ ಸುತ್ತಿದರೂ ಅದು ತೇಲುವ ಫ್ಲೈ ಆಗುವುದಿಲ್ಲ.

ಹೊಟ್ಟೆಗೆ ಏನು ಹಾಕಿದ್ದೀರಿ? ಹತ್ತಿ ನೂಲು ನೀರು ಹೀರುತ್ತೆ, ಮೊದಲು ಅದನ್ನು ಬಿಡಿ. ಪಾಲಿಪ್ರೊಪಿಲೀನ್ ಎಳೆ ನೀರಿಗಿಂತ ಹಗುರ, ಅದೇ ಒಳ್ಳೆಯದು. ಅಂಗಡಿಯವರು ಕೊಟ್ಟ ಎಳೆ ನಿಜವಾಗಿಯೂ ಅದೇನಾ ಅಂತ ನೋಡುವುದು ಸುಲಭ. ಒಂದು ಲೋಟ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ, ಎಳೆಯ ಚೂರನ್ನು ಬೆರಳಲ್ಲಿ ಒತ್ತಿ ನೀರೊಳಗೆ ಬಿಡಿ. ಮೇಲೆದ್ದು ಬಂದರೆ ಪಾಲಿಪ್ರೊಪಿಲೀನ್. ಅಕ್ರಿಲಿಕ್ ಉಲ್ಲನ್, ನೈಲಾನ್, ಪಾಲಿಯೆಸ್ಟರ್ ಮೂರೂ ತಳ ಸೇರುತ್ತವೆ. ಸೋಪು ಯಾಕೆ ಅಂದರೆ, ಸಾದಾ ನೀರಿನ ಮೇಲ್ಪದರ ಮುಳುಗುವ ಎಳೆಯನ್ನೂ ಸ್ವಲ್ಪ ಹೊತ್ತು ಹೊತ್ತುಕೊಂಡು ಮೋಸ ಮಾಡುತ್ತೆ. ತೊಳೆಯದ ಕುರಿ ಉಣ್ಣೆ ಕೂಡ ಒಂದು ಮಟ್ಟಿಗೆ ನಡೆಯುತ್ತೆ, ಅದರಲ್ಲಿ ಲ್ಯಾನೋಲಿನ್ ಅನ್ನುವ ಜಿಡ್ಡು ಇರುತ್ತೆ. ಹಾವೇರಿ, ಗದಗ ಕಡೆ ಕಂಬಳಿ ನೇಯುವವರ ಹತ್ತಿರ ಒಂದು ಹಿಡಿ ಕೇಳಿದರೆ ವರ್ಷಕ್ಕೆ ಸಾಕು. ಯಾವುದೇ ಇರಲಿ, ದಾರದ ಬಣ್ಣ ಮುಚ್ಚುವಷ್ಟು ತೆಳ್ಳಗೆ ಹೊಸೆದರೆ ಮುಗಿಯಿತು.

ಕೊನೆಗೆ ಗರಿ. ಇದನ್ನು ಬಿಡಿಸಿ ಹೇಳಬೇಕು. ಒಂದು ಗರಿಯನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ನಡುವಿನ ಕಡ್ಡಿಯ ಎರಡೂ ಕಡೆ, ಬುಡದಿಂದ ಮೇಲಕ್ಕೆ ಸಣ್ಣಗಾಗುತ್ತಾ ಹೋಗುವ ಒಂದು ಮಂದ ತ್ರಿಕೋನ ಕಾಣುತ್ತೆ. ಅಲ್ಲಿ ಎಳೆಗಳು ಒಂದಕ್ಕೊಂದು ಹೆಣೆದುಕೊಂಡಿವೆ, ಬೆಳಕು ಸರಿಯಾಗಿ ಹಾಯುವುದಿಲ್ಲ. ಅದರಾಚೆ ಎಳೆಗಳು ಬಿಡಿಬಿಡಿಯಾಗಿ, ಗಾಜಿನಂತೆ ಹೊಳೆಯುತ್ತವೆ. ಆ ಮಂದ ಭಾಗ ನೀರು ಹೀರುತ್ತೆ, ಹೊಳೆಯುವ ಭಾಗ ತೇಲಿಸುತ್ತೆ. ಹೇಂಟೆಯ ಗರಿಯಲ್ಲಿ ಮಂದ ಭಾಗವೇ ಜಾಸ್ತಿ, ಹಾಗಾಗಿ ಅದು ನೀರೊಳಗೆ ಹೋಗುವ ಫ್ಲೈಗೆ ಸರಿ. ಡ್ರೈ ಫ್ಲೈಗೆ ಹುಂಜ ಬೇಕು, ಅದೂ ವಯಸ್ಸಾದ ಹುಂಜದ ಕುತ್ತಿಗೆಯ ಗರಿ. ಫಾರಂ ಕೋಳಿ ಆರೇಳು ವಾರಕ್ಕೇ ಅಂಗಡಿಗೆ ಬರುತ್ತೆ, ಅದರಲ್ಲಿ ಗರಿ ಬಲಿತಿರುವುದೇ ಇಲ್ಲ. ಜವಾರಿ ಕೋಳಿ ಮಾರುವವರ ಹತ್ತಿರ "ಅಣ್ಣಾರ, ದೊಡ್ಡ ಹುಂಜ ಕೊಯ್ದಾಗ ಕುತ್ತಿಗಿ ಚರ್ಮ ಒಂದು ತೆಗೆದಿಡ್ರಿ" ಅಂತ ಹೇಳಿಟ್ಟರೆ ಸಿಗುತ್ತೆ. 10, 12 ನಂಬರ್ ಗಾಳಕ್ಕೆ ಜವಾರಿ ಗರಿ ಸಾಕು. 16ಕ್ಕೆ ಇಳಿದರೆ ಮಾತ್ರ ಫ್ಲೈಗಾಗಿಯೇ ಸಾಕಿದ ಕೋಳಿಯ ಹ್ಯಾಕಲ್ ತರಿಸುವುದು ಒಳ್ಳೆಯದು, ಅದು ದುಬಾರಿ.

ಹಸಿ ಚರ್ಮ ತಂದರೆ ಕೈಗವಸು ಹಾಕಿ ಕೊಬ್ಬು ಕೆರೆದು, ಸೋಪಿನ ನೀರಲ್ಲಿ ತೊಳೆದು, ಉಪ್ಪು ಇಲ್ಲ ಬೋರಾಕ್ಸ್ ಸವರಿ, ನೆರಳಲ್ಲಿ ಪೂರ್ತಿ ಒಣಗಿಸಿ. ಅಡುಗೆಮನೆಯಲ್ಲಿ ಈ ಕೆಲಸ ಬೇಡ. ಸತ್ತು ಬಿದ್ದ ಕೋಳಿಯ ಗರಿ ಮುಟ್ಟಬೇಡಿ.

ಒಂದು ಬದಿಗೆ ವಾಲುತ್ತೆ, ಇಲ್ಲ ತಲೆಕೆಳಗಾಗಿ ಬೀಳುತ್ತೆ

ಫ್ಲೈಯನ್ನು ಮೇಜಿನಿಂದ ಒಂದು ಮೊಳ ಮೇಲೆ ಹಿಡಿದು ಬಿಡಿ. ಹತ್ತು ಸಲ ಬಿಟ್ಟರೆ ಎಂಟು ಸಲವಾದರೂ ಹ್ಯಾಕಲ್ ಮತ್ತು ಬಾಲದ ಮೇಲೆ ನೆಟ್ಟಗೆ ಕೂರಬೇಕು. ಪ್ರತಿ ಸಲವೂ ಒಂದೇ ಬದಿಗೆ ಬಿದ್ದರೆ ಆ ಬದಿಯ ರೆಕ್ಕೆ ಭಾರ. ಒಮ್ಮೆ ಆಚೆ ಒಮ್ಮೆ ಈಚೆ ಬಿದ್ದರೆ ರೆಕ್ಕೆ ಎತ್ತರ ಜಾಸ್ತಿ, ಇಲ್ಲ ಬಾಲ ಗಿಡ್ಡ.

ಅಳತೆ ನೆನಪಿಟ್ಟುಕೊಳ್ಳುವುದು ಕಷ್ಟವಲ್ಲ. ಬಾಲ ಗಾಳದ ಕಾಂಡದಷ್ಟು, ಅಂದರೆ ಅದರ ನೆಟ್ಟಗಿನ ಭಾಗದಷ್ಟು ಉದ್ದ. ರೆಕ್ಕೆಯೂ ಅಷ್ಟೇ. ಹ್ಯಾಕಲ್ ಎಳೆ ಗಾಳದ ಬಾಯಿಯ, ಅಂದರೆ ಮೊನೆಗೂ ಕಾಂಡಕ್ಕೂ ನಡುವಿನ ಜಾಗದ ಒಂದೂವರೆಯಷ್ಟು. ಎತ್ತರದ ರೆಕ್ಕೆ ಕತ್ತರಿಸಿ ನೋಡಬಹುದು. ಸಿಂಥೆಟಿಕ್ ರೆಕ್ಕೆಗೆ ಕತ್ತರಿ ತೊಂದರೆಯಿಲ್ಲ, ಕೂದಲಿನ ರೆಕ್ಕೆಗೆ ತುದಿ ಮೊಂಡಾಗುತ್ತೆ, ಆದರೂ ತೇಲುವಿಕೆಗೆ ಅಡ್ಡಿಯಿಲ್ಲ. ಗಿಡ್ಡ ಬಾಲಕ್ಕೆ ಮಾತ್ರ ಮದ್ದಿಲ್ಲ, ಬ್ಲೇಡಿನಿಂದ ಕೊಯ್ದು ಗಾಳ ಉಳಿಸಿಕೊಂಡು ಮತ್ತೆ ಕಟ್ಟಬೇಕು.

ಅರ್ಧಕ್ಕರ್ಧ ಸಲ ವಾಲುವುದಕ್ಕೆ ಇನ್ನೊಂದು ಕಾರಣ ದಾರ ಸುತ್ತುವ ಬಿಗಿ. ದಾರ ಎಳೆದಾಗ ರೆಕ್ಕೆ ಕಾಂಡದ ಆಚೆ ಬದಿಗೆ ಜಾರುತ್ತೆ, ಕಟ್ಟುವವರ ಕಣ್ಣಿಗೆ ಅದು ಕಾಣುವುದಿಲ್ಲ. ವೈಸ್ ತಿರುಗುವಂಥದ್ದಾದರೆ ತಿರುಗಿಸಿ, ಇಲ್ಲದಿದ್ದರೆ ನೀವೇ ಎದ್ದು ಆಚೆ ಹೋಗಿ ಮೂತಿಯ ಕಡೆಯಿಂದ ನೇರ ನೋಡಿ.

ನಿಂತ ರೆಕ್ಕೆಯ ಬುಡಕ್ಕೆ ಹ್ಯಾಕಲನ್ನು ಅಡ್ಡಕ್ಕೆ, ಛತ್ರಿಯಂತೆ ಸುತ್ತುವುದನ್ನು ಪ್ಯಾರಾಶೂಟ್ ಅನ್ನುತ್ತಾರೆ. ಆಡಮ್ಸ್ ಅನ್ನುವ ಫ್ಲೈ 1922ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಲೆನರ್ಡ್ ಹ್ಯಾಲಡೇ ಕಟ್ಟಿದ್ದು, ಅದರ ಪ್ಯಾರಾಶೂಟ್ ರೂಪ ಇವತ್ತು ಎಲ್ಲ ಡಬ್ಬಿಯಲ್ಲೂ ಇದೆ. ವಾಲುವ ಕಾಟ ಬಿಡುತ್ತಲೇ ಇಲ್ಲ ಅನ್ನುವವರಿಗೆ ನನ್ನ ಸಲಹೆ ಇದೇ, ಪ್ಯಾರಾಶೂಟ್‌ಗೆ ಬದಲಾಯಿಸಿ. ಬೀಳುವಾಗ ತಾನಾಗಿ ನೆಟ್ಟಗಾಗುತ್ತೆ.

ಟಿಪ್ಪೆಟ್ ಸುರುಳಿ ಸುರುಳಿಯಾಗುತ್ತೆ

ಎಸೆಯುವಾಗ ಫ್ಲೈ ಗಾಳಿಯಲ್ಲಿ ಗಿರಗಿರ ತಿರುಗುತ್ತಿದೆ. ಮೊದಲು ಟಿಪ್ಪೆಟ್ ನೋಡಿ, ಫ್ಲೈ ಆಮೇಲೆ. ಗಾಳದ ನಂಬರನ್ನು ಮೂರರಿಂದ ಭಾಗಿಸಿದರೆ ಬರುವ ಸಂಖ್ಯೆಯ ಆಸುಪಾಸು ಟಿಪ್ಪೆಟ್ ಇರಬೇಕು. 12 ನಂಬರ್ ಗಾಳಕ್ಕೆ 4ಎಕ್ಸ್ (ಎಕ್ಸ್ ಸಂಖ್ಯೆ ದೊಡ್ಡದಾದಷ್ಟೂ ಎಳೆ ಸಣ್ಣ). ಅದಕ್ಕೆ 6ಎಕ್ಸ್ ಕಟ್ಟಿದರೆ ಎಷ್ಟು ಚೆಂದ ಕಟ್ಟಿದ ಫ್ಲೈಯೂ ತಿರುಗುತ್ತೆ. ಟಿಪ್ಪೆಟ್ ಸರಿಯಿದ್ದರೆ ಫ್ಲೈಯನ್ನು ಒಂದು ಮೊಳ ಎಳೆಗೆ ಕಟ್ಟಿ, ಮಹಡಿಯ ಮೇಲೆ ಗಾಳಿಯಲ್ಲಿ ಜೋರಾಗಿ ಎಳೆದು ನೋಡಿ. ತಿರುಗಿದರೆ ಎರಡು ರೆಕ್ಕೆ ಒಂದೇ ಸಮ ಇಲ್ಲ, ಇಲ್ಲ ಫೋಮ್ ಓರೆಯಾಗಿದೆ. ರೆಕ್ಕೆಯನ್ನು ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತಾ ಮತ್ತೆ ಎಳೆದು ನೋಡಿ. ಹಾಗೆ ಎಳೆಯುವಾಗ ಕನ್ನಡಕ ಇರಲಿ, ಮಕ್ಕಳು ಹತ್ತಿರ ಬೇಡ.

ಕಟ್ಟುತ್ತಿರುವಾಗ ದಾರ ಪಟ್ ಅಂತ ತುಂಡಾಗುತ್ತೆ

ತುಂಡಾದ ತುದಿ ನೋಡಿ. ಚಾಕುವಿನಿಂದ ಕೊಯ್ದ ಹಾಗಿದ್ದರೆ ಎಲ್ಲೋ ಚೂಪು ತಾಗಿದೆ. ಎಳೆಎಳೆಯಾಗಿ ಬಿಚ್ಚಿದ್ದರೆ ಉಜ್ಜಿ ಸವೆದಿದೆ. ಸ್ವಲ್ಪ ಹಿಗ್ಗಿ ಸಣ್ಣಗಾಗಿ ತುಂಡಾಗಿದ್ದರೆ ನೀವು ಎಳೆದಿದ್ದೇ ಜಾಸ್ತಿ.

ಕೊಯ್ದ ಹಾಗಿದ್ದರೆ ಸಾಮಾನ್ಯವಾಗಿ ಗಾಳದ ಮೊನೆಯೇ ಕಾರಣ, ವೈಸ್‌ನಲ್ಲಿ ಮೊನೆ ಹೊರಗೆ ಚಾಚಿದಾಗ ದಾರ ಸವರಿ ಹೋಗುತ್ತೆ. ಉಜ್ಜಿದ್ದರೆ ಬಾಬಿನ್ ನಳಿಗೆಯ ತುದಿ ನೋಡಿ. ಒಂದು ಚೂರು ಹತ್ತಿಯನ್ನು ಆ ತುದಿಗೆ ಸುತ್ತ ಸವರಿ. ಹತ್ತಿ ಸಿಕ್ಕಿಕೊಂಡ ಕಡೆ ಗೀರು ಇದೆ. ಲೋಹದ ನಳಿಗೆ ವರ್ಷ ಕಳೆದಂತೆ ಹೀಗಾಗುತ್ತೆ. ಸೆರಾಮಿಕ್ ತುದಿಯದ್ದು ಒಂದು ಸಲ ತೆಗೆದುಕೊಂಡರೆ ಚಿಂತೆಯಿಲ್ಲ. ಮೂರನೆಯದು ನಿಮ್ಮ ಬೆರಳು. ನಮ್ಮ ಕಡೆ ಡಿಸೆಂಬರ್, ಜನವರಿಯಲ್ಲಿ ಕೈ ಬಿರಿಯುತ್ತೆ, ಬಿರುಕಿಗೆ ದಾರ ಸಿಕ್ಕಿ ಎಳೆ ಬಿಡುತ್ತೆ. ಮಲಗುವಾಗ ಕೈಗೆ ಎಣ್ಣೆ ಹಚ್ಚಿ, ಕಟ್ಟುವ ಮೊದಲು ಸೋಪಿನಿಂದ ತೊಳೆದುಕೊಳ್ಳಿ.

ದಾರದ ಬಿಗಿ ಕಲಿಯಲು ಒಂದು ಅಭ್ಯಾಸ ಇದೆ. ಬರೀ ಗಾಳಕ್ಕೆ ದಾರ ಕಟ್ಟಿ, ನಿಧಾನವಾಗಿ ಎಳೆಯುತ್ತಾ ಬೇಕಂತಲೇ ತುಂಡು ಮಾಡಿ. ಮತ್ತೆ ಕಟ್ಟಿ, ಮತ್ತೆ ತುಂಡು ಮಾಡಿ. ಕೈಗೆ ಆ ಅಂಚು ಗೊತ್ತಾಗುತ್ತೆ. ಅದಕ್ಕಿಂತ ಸ್ವಲ್ಪ ಕೆಳಗೇ ಯಾವಾಗಲೂ ಇರಬೇಕು. ಬೆಟಗೇರಿಯ ನೇಕಾರರಿಗೆ ಎಳೆಯ ಬಿಗಿ ಬೆರಳಿಗೇ ಗೊತ್ತಿರುತ್ತಲ್ಲ, ಇದೂ ಹಾಗೆಯೇ, ಓದಿ ಬರುವುದಲ್ಲ. ಹೊಲಿಗೆ ದಾರ ಗಟ್ಟಿಯಾಗಿಯೇ ಇರುತ್ತೆ, ಆದರೆ ದಪ್ಪ. ಅದರಿಂದ ಕಟ್ಟಿದ ಫ್ಲೈನ ತಲೆ ಉಂಡೆಯಾಗುತ್ತೆ. 12 ನಂಬರ್‌ಗೆ 140 ಡೆನಿಯರ್, ಅದಕ್ಕಿಂತ ಸಣ್ಣದಕ್ಕೆ 70 ಡೆನಿಯರ್ ಹಿಡಿಯಿರಿ. ಡೆನಿಯರ್ ಅಂದರೆ ದಾರದ ದಪ್ಪದ ಅಳತೆ. ಕಿಟಕಿಯ ಬಿಸಿಲಲ್ಲಿ ಇಟ್ಟ ದಾರ ಬಲ ಕಳೆದುಕೊಳ್ಳುತ್ತೆ, ಉಂಡೆಯ ಮೇಲಿನ ಒಂದೆರಡು ಗಜ ಬಿಚ್ಚಿ ಎಸೆದು ನೋಡಿ. ಒಳಗಿನದೂ ಹಾಗೇ ಇದ್ದರೆ ಇಡೀ ಉಂಡೆ ಬಿಡಿ.

ಒಂದು ಮೀನು ಕಚ್ಚಿದ ಮೇಲೆ ಹ್ಯಾಕಲ್ ಬಿಚ್ಚಿಕೊಳ್ಳುತ್ತೆ

ಟ್ರೌಟ್‌ಗೆ ಸಣ್ಣ ಚೂಪು ಹಲ್ಲುಗಳಿವೆ, ಗರಿಯ ಕಡ್ಡಿ ಕಡಿದೇ ಕಡಿಯುತ್ತವೆ. ಒಂದು ಮೀನಿಗೇ ಬಿಚ್ಚಿದರೆ ಮಾತ್ರ ಕಟ್ಟಿದ್ದರಲ್ಲಿ ದೋಷ ಇದೆ ಅನ್ನಿ.

ಗರಿಯ ಬುಡದಿಂದ ಕಳಚಿ ಬಂದಿದ್ದರೆ ಕಡ್ಡಿ ಕಟ್ಟುವಾಗ ಎಳೆಗಳನ್ನು ಬಿಡಿಸಿರಲಿಲ್ಲ. ಬುಡದ ಎರಡು ಮಿಲಿಮೀಟರ್ ಎಳೆ ಕಿತ್ತು ಬರೀ ಕಡ್ಡಿ ಮಾಡಿ, ಅದರ ಮೇಲೆ ಐದಾರು ಸುತ್ತು ದಾರ ಹಾಕಿ, ಕಡ್ಡಿಯನ್ನು ಹಿಂದಕ್ಕೆ ಮಡಚಿ ಮತ್ತೆರಡು ಸುತ್ತು ಹಾಕಿ. ಜಾರುವುದಿಲ್ಲ. ತುದಿಯ ಕಡೆಯಿಂದ ಬಿಚ್ಚಿದ್ದರೆ ಕೊನೆಯ ಗಂಟು ಸಡಿಲ. ನಡುವೆ ಕಡಿದಿದ್ದರೆ ಗರಿಯ ಕಡ್ಡಿ ಒಣಗಿ ಪುಡಿಯಾಗುವಂತಾಗಿತ್ತು. ಹಳೆಯ ಗರಿಯನ್ನು ಸುತ್ತುವ ಮೊದಲು ಸ್ವಲ್ಪ ಹೊತ್ತು ಬೆಚ್ಚಗಿನ ನೀರಲ್ಲಿ ನೆನೆಸಿಡಿ.

ಹ್ಯಾಕಲನ್ನು ಹೊಟ್ಟೆಯ ಉದ್ದಕ್ಕೂ ಸುತ್ತುವ ಫ್ಲೈಗೆ ತೆಳ್ಳಗಿನ ತಂತಿಯನ್ನು ಎದುರು ದಿಕ್ಕಿನಲ್ಲಿ ಸುತ್ತಿ. ಅಲ್ ಟ್ರೋತ್ 1957ರಲ್ಲಿ ಕಟ್ಟಿದ ಎಲ್ಕ್ ಹೇರ್ ಕ್ಯಾಡಿಸ್‌ನಲ್ಲಿ ಇದೇ ಉಪಾಯ ಇದೆ. ಗರಿ ಒಂದು ಕಡೆ ಕಡಿದರೂ ಉಳಿದದ್ದು ತಂತಿಯ ಕೆಳಗೆ ಸಿಕ್ಕಿಕೊಂಡೇ ಇರುತ್ತೆ. ದೊಡ್ಡ ಹೊಳೆಗೆ ಇದು ತುಂಬಾ ಉಪಯೋಗಕ್ಕೆ ಬರುತ್ತೆ.

ಗರಿ ಸುತ್ತುವ ಮುಂಚೆ ದಾರದ ಮೇಲೆ ಸೂಜಿ ಮೊನೆಯಷ್ಟು ಸೂಪರ್ ಗ್ಲೂ ಹಾಕಬಹುದು. ಇಲ್ಲೊಂದು ಎಚ್ಚರಿಕೆ. ಚೆಲ್ಲಿದ ಸೂಪರ್ ಗ್ಲೂವನ್ನು ಹತ್ತಿಯಿಂದ, ಹತ್ತಿ ಬಟ್ಟೆಯಿಂದ ಒರೆಸಬೇಡಿ. ಹತ್ತಿಗೆ ತಾಗಿದರೆ ಅದು ಚರ್ಮ ಸುಡುವಷ್ಟು ಬಿಸಿಯಾಗುತ್ತೆ, ಹೊಗೆಯೂ ಏಳುತ್ತೆ. ಪ್ಲಾಸ್ಟಿಕ್ ಚೂರಿನಿಂದ ಕೆರೆದು ತೆಗೆಯಿರಿ. ಬೆರಳು ಅಂಟಿಕೊಂಡರೆ ಎಳೆಯದೆ ಬಿಸಿ ಸೋಪಿನ ನೀರಲ್ಲಿ ನೆನೆಸಿ. ಕಣ್ಣಿಗೆ ಹಾರಿದರೆ ನೀರು ಹಾಕುತ್ತಲೇ ಆಸ್ಪತ್ರೆಗೆ ಹೊರಡಿ.

ಕೂದಲಿನ ರೆಕ್ಕೆ ಗಾಳದ ಸುತ್ತ ತಿರುಗಿ ಹೋಗುತ್ತೆ

ಮೊದಲೆರಡು ಸುತ್ತು ಸಡಿಲವಾಗಿ ಹಾಕಿ, ಕೂದಲನ್ನು ಬೆರಳಲ್ಲಿ ಗಟ್ಟಿಯಾಗಿ ಹಿಡಿದುಕೊಂಡೇ ನೇರ ಕೆಳಗೆ ಎಳೆದು ಬಿಗಿ ಮಾಡಿ. ಬೆರಳು ಬೇಗ ಬಿಟ್ಟರೆ ಕೂದಲು ಹೊರಳುತ್ತೆ. ಕಾಂಡದ ಮೇಲೆ ಮೊದಲೇ ದಾರದ ಹಾಸು ಇರಬೇಕು, ಬರೀ ಲೋಹದ ಮೇಲೆ ಏನೂ ನಿಲ್ಲುವುದಿಲ್ಲ. ಕೂದಲ ನಡುವಿನ ಮೆತ್ತನೆ ಹಿಪ್ಪೆಯನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಬಾಚಿ ತೆಗೆಯಿರಿ. ಅದು ಉಳಿದರೆ ಜಾರುತ್ತೆ, ನೀರೂ ಹೀರುತ್ತೆ.

ಯಾವ ಕೂದಲು ಅನ್ನುವುದು ಇನ್ನೂ ಮುಖ್ಯ. ವಿದೇಶದ ವಿಡಿಯೋ ನೋಡಿ ಜಿಂಕೆ ಕೂದಲು ಹುಡುಕಬೇಡಿ. ಹಾವೇರಿ ಜಿಲ್ಲೆಯ ರಾಣೇಬೆನ್ನೂರಿನಲ್ಲಿ ಕೃಷ್ಣಮೃಗಕ್ಕಾಗಿಯೇ ಅಭಯಾರಣ್ಯ ಇದೆ. ಕೃಷ್ಣಮೃಗ, ಚುಕ್ಕೆ ಜಿಂಕೆ, ಕಡವೆ ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕೆಳಗೆ ಬರುತ್ತವೆ. ಅವುಗಳ ಚರ್ಮ, ಕೂದಲು ಇಟ್ಟುಕೊಂಡರೆ ಕೇಸು ಬೀಳುತ್ತೆ. ಕಾಡುಕೋಳಿ ಗರಿಯೂ ಬೇಡ. ನವಿಲಿನ ಗರಿಯೂ ಕೆಲವು ಫ್ಲೈಗಳ ಹೊಟ್ಟೆಗೆ ಬೇಕಾಗುತ್ತೆ. ಬಂಕಾಪುರದ ಕೋಟೆಯಲ್ಲಿ, ಕಪ್ಪತಗುಡ್ಡದಲ್ಲಿ ನವಿಲು ಬೇಕಾದಷ್ಟಿವೆ, ಹಾಗಂತ ಹೆಕ್ಕಿ ತರಲು ಹೋಗಬೇಡಿ. ಹಸಿರು ಹೊಳಪಿನ ಸಿಂಥೆಟಿಕ್ ಎಳೆ ಹಾಕಿದರೆ ಟ್ರೌಟ್ ಏನೂ ತಕರಾರು ಮಾಡುವುದಿಲ್ಲ. ರೆಕ್ಕೆಗೆ ಆಡಿನ ಕೂದಲು, ಪಾಲಿ ಎಳೆ ಎರಡೂ ಚೆನ್ನಾಗಿವೆ. ಒರಟು ನೀರಿಗಂತೂ ಎರಡು ಮಿಲಿಮೀಟರ್ ದಪ್ಪದ ಫೋಮ್ ಶೀಟ್, ಮಕ್ಕಳ ಕ್ರಾಫ್ಟ್‌ಗೆ ಸ್ಟೇಷನರಿ ಅಂಗಡಿಯಲ್ಲಿ ಸಿಗುವುದು, ಅದಕ್ಕಿಂತ ಚೆನ್ನಾಗಿ ತೇಲುವ ಸಾಮಾನು ನಾನು ನೋಡಿಲ್ಲ. ಫೋಮ್ ಕಟ್ಟುವಾಗ ದಾರ ಅದನ್ನು ಕೊಯ್ದರೆ ಸಣ್ಣ ದಾರ ಬಿಟ್ಟು 140 ಡೆನಿಯರ್ ಹಿಡಿಯಿರಿ.

ಗಾಳದ ಕಣ್ಣಿಗೆ ಟಿಪ್ಪೆಟ್ ತೂರುವುದಿಲ್ಲ

ಅಂಟು ತುಂಬಿದೆ, ಇಲ್ಲ ತಲೆ ಕಣ್ಣಿನ ಮೇಲೆ ಬಂದಿದೆ. ಅಂಟಾದರೆ ಸೂಜಿಯಿಂದ ತೆಗೆಯಿರಿ. ಮುಂದಿನ ಸಲ ಅಂಟು ಹಾಕಿದ ಕೂಡಲೇ, ಒಣಗುವ ಮುಂಚೆ, ಬೇಡದ ಗರಿಯ ಕಡ್ಡಿಯೊಂದನ್ನು ಕಣ್ಣಿನಲ್ಲಿ ಎಳೆದುಬಿಡಿ. ತಲೆ ಮೇಲೆ ಬಂದಿದ್ದರೆ ಮದ್ದು ಕಟ್ಟುವ ಶುರುವಿನಲ್ಲೇ ಇದೆ, ಕಣ್ಣಿನ ಹಿಂದೆ ಒಂದು ಕಣ್ಣಿನಷ್ಟು ಜಾಗ ಖಾಲಿ ಬಿಟ್ಟು ಕಟ್ಟಿ. ಅಂಟಿಗೆ ಬಣ್ಣವಿಲ್ಲದ ನೇಲ್ ಪಾಲಿಶ್ ಸಾಕು. ಬೇಸಿಗೆಯಲ್ಲಿ ಅದು ಗಟ್ಟಿಯಾಗಿ ನೂಲು ನೂಲಾಗಿ ಬಂದರೆ ಹೊಸದು ತನ್ನಿ. ದೀಪ, ಊದುಬತ್ತಿ ಹತ್ತಿರ ಅದರ ಮುಚ್ಚಳ ತೆಗೆಯಬೇಡಿ, ಬೇಗ ಹೊತ್ತಿಕೊಳ್ಳುತ್ತೆ. ವಿಶೇಷ ಟಾರ್ಚ್ ಬೆಳಕಿಗೆ ಗಟ್ಟಿಯಾಗುವ ಯುವಿ ಅಂಟು ಬಳಸುವವರು ಆ ಬೆಳಕನ್ನು ನೇರ ನೋಡಬಾರದು.

ಮೀನು ಮೇಲೆ ಬರುತ್ತೆ, ಮೂಸಿ ಹೋಗುತ್ತೆ, ಇಲ್ಲ ಹೊಡೆದರೂ ಸಿಗುವುದಿಲ್ಲ

ಇದನ್ನು ಮನೆಯಲ್ಲಿ ಪರೀಕ್ಷೆ ಮಾಡಲಾಗದು, ಆದರೆ ಹೊಳೆಯಲ್ಲಿ ಯಾವ ಕ್ರಮದಲ್ಲಿ ನೋಡಬೇಕು ಅಂತ ಗೊತ್ತಿದ್ದರೆ ಇಡೀ ಡಬ್ಬಿಯ ಫ್ಲೈಗಳನ್ನು ಒಂದೊಂದಾಗಿ ಬದಲಾಯಿಸುತ್ತಾ ದಿನ ಕಳೆಯುವುದು ತಪ್ಪುತ್ತೆ.

ಮೀನು ಹತ್ತಿರ ಬಂದು ಕೊನೆಯ ಕ್ಷಣ ತಿರುಗಿದರೆ ಮೊದಲು ನೋಡಬೇಕಾದದ್ದು ಫ್ಲೈ ಹೇಗೆ ತೇಲಿ ಬರುತ್ತಿದೆ ಅನ್ನುವುದು. ದೊಡ್ಡ ಹೊಳೆಯಲ್ಲಿ ನಿಮಗೂ ಫ್ಲೈಗೂ ನಡುವೆ ಮೂರು ನಾಲ್ಕು ಬೇರೆ ಬೇರೆ ವೇಗದ ನೀರಿರುತ್ತೆ. ಲೈನು ವೇಗದ ನೀರಿಗೆ ಬಿದ್ದು ಫ್ಲೈಯನ್ನು ಎಳೆಯುತ್ತೆ. ಪಕ್ಕದಲ್ಲಿ ತೇಲುವ ನೊರೆಗುಳ್ಳೆಗಿಂತ ನಿಮ್ಮ ಫ್ಲೈ ವೇಗವಾಗಿ ಹೋಗುತ್ತಿದ್ದರೆ, ಅದರ ಹಿಂದೆ ವಿ ಆಕಾರದ ಗೆರೆ ಎದ್ದರೆ, ಫ್ಲೈನಲ್ಲಿ ತಪ್ಪಿಲ್ಲ. ನಿಲ್ಲುವ ಜಾಗ ಬದಲಾಯಿಸಿ, ಲೈನನ್ನು ನೀರಿನ ಮೇಲೆ ಎತ್ತಿ ಮೇಲ್ಗಡೆಗೆ ಹಾಕಿ, ಟಿಪ್ಪೆಟ್ ಸ್ವಲ್ಪ ಉದ್ದ ಮಾಡಿ. ಅದೂ ಸರಿಯಿದ್ದರೆ ಒಂದು ನಂಬರ್ ಸಣ್ಣ ಫ್ಲೈ ಹಾಕಿ. ಆಮೇಲೆ ಆಕಾರ. ಬಣ್ಣ ಎಲ್ಲಕ್ಕಿಂತ ಕೊನೆಗೆ. ಜನ ಬಣ್ಣದಿಂದ ಶುರು ಮಾಡುತ್ತಾರೆ. ಮೀನು ಕೆಳಗಿನಿಂದ, ಬೆಳಕಿಗೆ ಎದುರಾಗಿ ನೋಡುತ್ತೆ ಅಲ್ವಾ, ಅದಕ್ಕೆ ಮೊದಲು ಕಾಣುವುದು ನೀರಿನ ಮೇಲಿನ ನೆರಳು.

ಮೀನು ಹೊಡೆದರೂ ಸಿಗದಿದ್ದರೆ ಗಾಳದ ಮೊನೆ ನೋಡಿ. ಹೆಬ್ಬೆರಳ ಉಗುರಿನ ಮೇಲೆ ಮೊನೆಯನ್ನು ಒತ್ತದೆ ಓರೆಯಾಗಿ ಎಳೆಯಿರಿ. ಉಗುರಿಗೆ ಕಚ್ಚಿದರೆ ಸರಿ, ಜಾರಿದರೆ ಮೊಂಡು. ಹಿಂದೆ ಎಸೆದಾಗ ಕಲ್ಲಿಗೆ ಬಡಿದಿರುತ್ತೆ. ಸಣ್ಣ ಕಲ್ಲಿನಿಂದ ಮಸೆಯಿರಿ. ಮೊನೆ ಚೂಪಾಗಿದ್ದರೂ ಸಿಗದಿದ್ದರೆ ಗಾಳದ ಬಾಯಿ ತುಂಬಿದೆ. ಫೋಮ್ ಹೊಟ್ಟೆ ಕೆಳಗೆ ಇಳಿದು ಮೊನೆಗೂ ಕಾಂಡಕ್ಕೂ ನಡುವಿನ ಜಾಗ ಮುಚ್ಚಿದರೆ ಮೀನಿನ ಬಾಯಿಗೆ ಸಿಗುವುದು ಮೆತ್ತನೆ ಫೋಮ್ ಮಾತ್ರ. ಕೆಳಗಿನ ಫೋಮನ್ನು, ಕೆಳಮುಖದ ಹ್ಯಾಕಲನ್ನು ಕತ್ತರಿಸಿ. ನೋಡಲು ಬೋಳಾಗುತ್ತೆ, ಆದರೆ ಮೀನು ಸಿಗುತ್ತೆ.

ಗರಿ ಡಬ್ಬಿಯಲ್ಲಿ ಧೂಳು, ಬರೀ ಕಡ್ಡಿ

ಹುಳು ಬಿದ್ದಿದೆ. ಗರಿಯ ಎಳೆ ಮಾಯವಾಗಿ ಕಡ್ಡಿ ಉಳಿದಿದ್ದರೆ, ತಳದಲ್ಲಿ ಮರಳಿನಂಥ ಪುಡಿ ಇದ್ದರೆ ಇವತ್ತೇ ಕೆಲಸ ಶುರು ಮಾಡಿ. ಆ ಡಬ್ಬಿಯನ್ನು ಉಳಿದ ಸಾಮಾನಿನಿಂದ ದೂರ ಇಡಿ. ಉಳಿಸಬಹುದಾದ ಗರಿಯನ್ನು ಜಿಪ್ ಚೀಲಕ್ಕೆ ಹಾಕಿ ಗಾಳಿ ತೆಗೆದು ಡೀಪ್ ಫ್ರೀಜರ್‌ನಲ್ಲಿ ಒಂದು ವಾರ ಇಡಿ, ಒಂದೆರಡು ದಿನ ಹೊರಗಿಟ್ಟು ಮತ್ತೆ ಒಂದು ವಾರ ಒಳಗಿಡಿ. ಕರೆಂಟ್ ಪದೇ ಪದೇ ಹೋಗುವ ಕಡೆ ಇನ್ನೂ ಜಾಸ್ತಿ ದಿನ ಬೇಕು. ಮುಕ್ಕಾಲು ತಿಂದು ಹೋಗಿದ್ದರೆ ಆಸೆ ಬಿಟ್ಟು ಎಸೆಯಿರಿ. ಧಾರವಾಡದ ಜುಲೈ ಮಳೆಯಲ್ಲಿ ಮನೆಯೊಳಗೆ ಎಲ್ಲವೂ ತಂಪು ಹಿಡಿಯುತ್ತೆ, ಗಾಳಕ್ಕೆ ತುಕ್ಕು, ಗರಿಗೆ ಬೂಷ್ಟು. ಆ ತಿಂಗಳುಗಳಲ್ಲಿ ಡಬ್ಬಿಗೆ ಸಿಲಿಕಾ ಪೊಟ್ಟಣ ಹಾಕಿ. ನುಸಿ ಗುಳಿಗೆ ಹಾಕುವುದಾದರೆ ಮಕ್ಕಳ ಕೈಗೆ ಸಿಗದಂತೆ, ಮಲಗುವ ಕೋಣೆಯಿಂದ ದೂರ.

ಇಲ್ಲಿಗೆ ಕೈಬಿಡಿ ಅನ್ನುವ ಜಾಗಗಳು

ಗಾಳ ಬಗ್ಗಿ ನೆಟ್ಟಗಾಗಿದ್ದರೆ ಮತ್ತೆ ಬಗ್ಗಿಸಿ ಬಳಸಬೇಡಿ, ಮುಂದಿನ ಮೀನಿಗೆ ಮುರಿಯುತ್ತೆ. ವೈಸ್‌ನಲ್ಲಿ ಒಂದೇ ಕಂಪನಿಯ ಗಾಳಗಳು ಪದೇ ಪದೇ ಪಟ್ ಅಂತ ಮುರಿದರೆ ಆ ಡಬ್ಬಿಯನ್ನೇ ವಾಪಸ್ ಕೊಡಿ. ವೈಸ್ ಎಷ್ಟು ಬಿಗಿ ಮಾಡಿದರೂ ಗಾಳ ಜಾರಿದರೆ ಅದರ ಬಾಯಿ ಸವೆದಿದೆ, ಒಳ್ಳೆ ಲೇತ್ ಕೆಲಸದವರಿಗೆ ತೋರಿಸಿ. ಹುಬ್ಬಳ್ಳಿಯಲ್ಲಿ ಅಂಥವರಿಗೆ ಬರವಿಲ್ಲ.

ಗಾಳ ಬೆರಳಿಗೆ ಚುಚ್ಚಿ ಮುಳ್ಳು ಒಳಗೆ ಹೋಗಿದ್ದರೆ ಎಳೆಯಬೇಡಿ, ವೈದ್ಯರ ಹತ್ತಿರ ಹೋಗಿ ತೆಗೆಸಿ, ಟಿಟಿ ಇಂಜೆಕ್ಷನ್ ಬಗ್ಗೆಯೂ ಕೇಳಿ. ಕಣ್ಣಿಗೆ ಇಲ್ಲ ಕಣ್ಣಿನ ಸುತ್ತ ತಾಗಿದ್ದರೆ ಮುಟ್ಟಲೇಬೇಡಿ, ಒತ್ತಡ ಬೀಳದಂತೆ ಮೇಲೆ ಕಾಗದದ ಕಪ್ ಹಿಡಿದುಕೊಂಡು ನೇರ ಕಣ್ಣಿನ ಆಸ್ಪತ್ರೆಗೆ. ಇದಕ್ಕೇ ನಾನು ಪ್ರತಿ ಗಾಳದ ಮುಳ್ಳನ್ನೂ ಕಟ್ಟುವ ಮೊದಲೇ ಇಕ್ಕಳದಿಂದ ಒತ್ತಿ ಬಿಡುವುದು. ಕಟ್ಟಿದ ಮೇಲೆ ಒತ್ತಲು ಹೋಗಿ ಮೊನೆ ಮುರಿದರೆ ಇಡೀ ಫ್ಲೈ ಹಾಳು.

ಹೊಳೆಯಲ್ಲಿ ಫ್ಲೈ ಎಷ್ಟೇ ಚೆನ್ನಾಗಿ ತೇಲುತ್ತಿರಲಿ, ನೀರಿನ ಬಣ್ಣ ತಟ್ಟನೆ ಕದಡಿದರೆ, ದಂಡೆಯ ಕಲ್ಲುಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತಿದ್ದರೆ, ಸೈರನ್ ಕೇಳಿದರೆ, ಸಾಮಾನು ಬಿಟ್ಟು ಮೇಲೆ ಹತ್ತಿ. 2014ರ ಜೂನ್‌ನಲ್ಲಿ ಲಾರ್ಜಿ ಅಣೆಕಟ್ಟಿನಿಂದ ನೀರು ಬಿಟ್ಟಾಗ ಬಿಯಾಸ್ ನದಿಯಲ್ಲಿ ನಿಂತಿದ್ದ ಹೈದರಾಬಾದಿನ 24 ಇಂಜಿನಿಯರಿಂಗ್ ವಿದ್ಯಾರ್ಥಿಗಳು ಕೊಚ್ಚಿಹೋದರು. ಅಲ್ಲಿನ ಹೊಳೆಗಳು ನಮ್ಮ ವರದಾದ ಹಾಗೆ ನಿಧಾನವಾಗಿ ಏರುವುದಿಲ್ಲ. ಎದೆಯವರೆಗಿನ ರಬ್ಬರ್ ಪ್ಯಾಂಟ್ ಹಾಕಿದ್ದರೆ ಸೊಂಟಕ್ಕೆ ಬೆಲ್ಟ್ ಬಿಗಿಯಿರಿ, ತೊಡೆಗಿಂತ ಮೇಲಿನ ನೀರಿಗೆ ಇಳಿಯಬೇಡಿ, ಜೊತೆಗೆ ಊರಿನ ಗೈಡ್ ಇರಲಿ. ಮತ್ತೆ ದಿನಾಂಕ ನೋಡಿಕೊಂಡು ಟಿಕೆಟ್ ಮಾಡಿಸಿ: ಹಿಮಾಚಲದಲ್ಲಿ ನವೆಂಬರ್ 1ರಿಂದ ಫೆಬ್ರುವರಿ ಕೊನೆಯವರೆಗೆ ಟ್ರೌಟ್ ಹಿಡಿಯುವಂತಿಲ್ಲ, ಅದು ಮೊಟ್ಟೆ ಇಡುವ ಕಾಲ.